ಪರದೆಗೆ ಹಿಡಿಸದ ಮಣಿಕಟ್ಟು

ಗೆಳೆಯರೇ, ಇವತ್ತು ಮಧ್ಯಾಹ್ನ ಒಬ್ಬ ಅಜ್ಜಿಯನ್ನು ಮುರಿದ ಕೈಯಲ್ಲೇ ಮನೆಗೆ ಕಳಿಸಿಬಿಡುತ್ತಿದ್ದೆ.

ದೇವದುರ್ಗದ ಸಣ್ಣ ಆಸ್ಪತ್ರೆಯೊಂದರಲ್ಲಿ ತೆಗೆದ ಎಕ್ಸ್‌ರೇಗಳನ್ನು ನಾನು ರಾಯಚೂರಿನಲ್ಲಿ ಕುಳಿತು ನೋಡುವ ಡಾಕ್ಟರು. ಅಲ್ಲಿನ ಕಂಪ್ಯೂಟರಿನ ಪರದೆ ರಿಮೋಟ್ ಡೆಸ್ಕ್‌ಟಾಪ್ ಮೂಲಕ ನನ್ನ ಲ್ಯಾಪ್‌ಟಾಪಿನಲ್ಲಿ ಮೂಡುತ್ತದೆ. ಬಸ್ ಇಳಿಯುವಾಗ ಬಿದ್ದ ನಿಂಗಮ್ಮನ ಕೈಯ ಚಿತ್ರ ಬಂತು. ಮುಂಗೈ ಎಲುಬು ನೆಟ್ಟಗಿತ್ತು. ಅಲ್ಲಿನ ಟೆಕ್ನಿಷಿಯನ್ ಬಸವರಾಜನಿಗೆ ಫೋನಿನಲ್ಲಿ ಹೇಳಿದೆ: "ಏನೂ ಮುರದಿಲ್ಲ, ಮನಿಗೆ ಕಳಸ್ರಿ."

ಫೋನ್ ಸ್ಪೀಕರಿನಲ್ಲಿತ್ತು; ಅವನ ಪಕ್ಕದಲ್ಲಿದ್ದ ನಿಂಗಮ್ಮನಿಗೆ ಅದು ಕೇಳಿಸಿತು. "ಯವ್ವಾ, ಮಣಿಕಟ್ಟು ನೋಡಿದೇನು? ಅಲ್ಲೇ ಜೀವ ಹೋಗಾಕತ್ತದ," ಎಂದಳು.

ನನ್ನ ಪರದೆಯಲ್ಲಿ ಮಣಿಕಟ್ಟೇ ಇರಲಿಲ್ಲ.

"ಬಸವರಾಜ್, ಮಣಿಕಟ್ಟು ತೆಗದಿಲ್ಲೇನ್ರಿ?"

"ತೆಗದೀನ್ರಿ ಮೇಡಂ. ಇಲ್ಲಿ ಪೂರಾ ಕಾಣಾಕತ್ತದ್ರಿ."

ಅವರ ಮಾನಿಟರ್ ದೊಡ್ಡದು, ನನ್ನ ಲ್ಯಾಪ್‌ಟಾಪ್ ಚಿಕ್ಕದು. ಹಿಡಿಸದ ಭಾಗ ಅಂಚಿನ ಕೆಳಗೆ ಮರೆಯಾಗಿತ್ತು. ಮುಂಗೈಯನ್ನಷ್ಟೇ ತೆಗೆದಿದ್ದಾರೆ ಎಂದುಕೊಂಡು, ನೋವೆಲ್ಲಿ ಎಂದು ನಾನು ಕೇಳಿರಲೇ ಇಲ್ಲ. ಚಿತ್ರವನ್ನು ಪರದೆಗೆ ಹೊಂದಿಸುವ ಆಯ್ಕೆ ಒತ್ತಿದೆ. ಇಡೀ ಕೈ ಕುಗ್ಗಿ ಒಳಗೆ ಬಂತು. ಹಿಗ್ಗಿಸಿ ನೋಡಿದರೆ ಮಣಿಕಟ್ಟಿನ ಹತ್ತಿರ ಎಲುಬು ಮುರಿದಿತ್ತು.

"ತಪ್ಪಾತು ಯವ್ವಾ, ಎಲುಬು ಮುರದದ. ಪ್ಲಾಸ್ಟರ್ ಹಾಕ್ತಾರ," ಎಂದೆ.

"ಹಂಗಾರ ನಾ ಸುಳ್ಳ ಹೇಳಿಲ್ಲಲ್ಲ?" ಎಂದಳು ನಿಂಗಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಸಂಜೆ ಅಂಗಡಿಗೆ ಹೋಗಿ ದೊಡ್ಡ ಮಾನಿಟರ್ ತಂದೆ. "ಇದರಾಗ ಎಲ್ಲಾ ಕಾಣ್ತದ್ರಿ ಮೇಡಂ," ಎಂದ ಅಂಗಡಿಯವನು. ಕಾಣುತ್ತದೆ, ನಿಜ. ಎಲ್ಲಿ ನೋವು ಎಂದು ಕೇಳುವ ಬಟನ್ ಮಾತ್ರ ಅದರಲ್ಲೂ ಇಲ್ಲ.