ನಾನು ಅಳಿಸಿದ ಎರಡನೆಯ ತುಂಡು

ನನ್ನ ತಂಗಿ ತಪ್ಪು ಮಾಡಿಲ್ಲ ಎಂಬುದಕ್ಕೆ ಇದ್ದ ಒಂದೇ ಸಾಕ್ಷಿ ನನ್ನ ಫೋನಿನಲ್ಲಿತ್ತು. ಅದನ್ನು ನಾನು ಯಾರಿಗೂ ತೋರಿಸಲಿಲ್ಲ. ಅಳಿಸಿಹಾಕಿದೆ. ಇದನ್ನು ಮೊದಲು ಬರೆಯದೆ ಉಳಿದದ್ದನ್ನು ಬರೆಯಲು ನನಗೆ ಬಾಯಿಲ್ಲ.

ನಾನು ಏಳನೆಯ ತರಗತಿಯವರೆಗೆ ಓದಿದವನು. ಗಡಿಯಾಚೆ, ಮರಾಠಿ ಸೀಮೆಯ ಉಮರ್ಗಾದಲ್ಲಿ ಶಾಲಾ ಮಕ್ಕಳ ವ್ಯಾನ್ ಓಡಿಸುತ್ತೇನೆ. ತಂಗಿ ಲೀಲಾ ಓದಿ ಮುಂದೆ ಬಂದು, ತಾಲ್ಲೂಕಿನ ಒಂದು ಕನ್ನಡ ಶಾಲೆಯಲ್ಲಿ ಶಿಕ್ಷಕಿಯಾದಳು. ಕೊರೋನಾ ಮುಗಿದು ಶಾಲೆಗಳು ಮತ್ತೆ ತೆರೆದಾಗ, ಫೋನಿನಲ್ಲಿ ಬಂದದ್ದನ್ನೆಲ್ಲ ಮಕ್ಕಳು ನಿಜವೆಂದೇ ನಂಬುತ್ತಾರೆ ಎಂಬುದು ಆಕೆಯ ಗಮನಕ್ಕೆ ಬಂತು. ಎಲ್ಲಿಂದಲೋ ಒಂದು ಹಳೆಯ ಪ್ರೊಜೆಕ್ಟರ್ ತಂದು, ಶನಿವಾರ ಶನಿವಾರ ಸಿನಿಮಾ ತೋರಿಸಿ ಪಾಠ ಮಾಡತೊಡಗಿದಳು. ಸುದ್ದಿ ಹರಡಿ ನಿಲಂಗಾ, ಉದಗೀರ ಕಡೆಯ ಶಾಲೆಗಳಿಂದಲೂ ಕರೆ ಬಂತು. ವ್ಯಾನ್ ನನ್ನದು. ಕಿಟಕಿಗಳಿಗೆ ಚಾದರ ಕಟ್ಟಿ ಕತ್ತಲು ಮಾಡುವುದು, ಪರದೆ ಬಿಗಿಯುವುದು, ವೈರು ಜೋಡಿಸುವುದು ನನ್ನ ಕೆಲಸ. ಮಕ್ಕಳು ನನ್ನನ್ನು ಸಿನಿಮಾ ಮಾಮಾ ಎನ್ನುತ್ತಿದ್ದರು.

ಆಕೆಯ ಪಾಠದ ರೀತಿ ಬೇರೆ. ಸಿನಿಮಾವನ್ನು ನಡುವೆಯೇ ನಿಲ್ಲಿಸಿಬಿಡುತ್ತಿದ್ದಳು. ಒಮ್ಮೆ ಗ್ರಾಮಸಭೆಯ ಚಿತ್ರ ಓಡುತ್ತಿದ್ದಾಗ ನಿಲ್ಲಿಸಿ ಕೇಳಿದಳು, "ಈ ಸಭಾದಾಗ ಬಾಯಿ ತೆಗಿಲಾರದವ್ರು ಯಾರು?"

ರೇಣುಕಾ ಎಂಬ ಹುಡುಗಿ ಎದ್ದು ನಿಂತಳು. "ಹಿಂದ ನಿಂತ ಹೆಣ್ಮಕ್ಕಳು ಟೀಚರ್. ಅವರ್ನ ಚಹಾ ಮಾಡ್ಲಾಕ ಕರಸ್ಯಾರ."

ಮಕ್ಕಳೆಲ್ಲ ನಕ್ಕರು. ಲೀಲಾ ನಗಲಿಲ್ಲ. ಅದೇ ಸರಿಯಾದ ಉತ್ತರ ಎಂದಳು.

ಆ ರೇಣುಕಾಳ ಅಪ್ಪ ಸಿದ್ದಪ್ಪ ಬಸವಕಲ್ಯಾಣದ ಕಡೆಯಿಂದ ಗಡಿ ದಾಟಿ ದುಡಿಯಲು ಬಂದ ಗೌಂಡಿ, ಅಂದರೆ ಕಟ್ಟಡ ಕಟ್ಟುವವನು. ಊರಿಗೆ ಬಂದು ವರ್ಷಗಳಾಗಿದ್ದರೂ ಮತದಾರರ ಪಟ್ಟಿಯಲ್ಲಿ ಅವನ ಹೆಸರು ಸೇರಿರಲಿಲ್ಲ. ಅರ್ಜಿ ಹಿಡಿದು ತಹಸೀಲ್ ಕಚೇರಿಗೆ ಎಷ್ಟು ಸಲ ಅಲೆದನೋ ನನಗೆ ಗೊತ್ತಿಲ್ಲ. ಎರಡು ಸಲ ನನ್ನ ವ್ಯಾನಿನಲ್ಲೇ ಬಂದಿದ್ದ.

ಆ ವರ್ಷ ಚುನಾವಣೆ ಹತ್ತಿರವಿತ್ತು. ಮಕ್ಕಳಿಂದಲೇ ಒಂದು ಸಣ್ಣ ಚಿತ್ರ ಮಾಡಿಸಬೇಕೆಂದು ಲೀಲಾ ನಿಶ್ಚಯಿಸಿದಳು. ತರಗತಿಯೇ ಮತಗಟ್ಟೆ, ಆಕೆಯೇ ಅಧಿಕಾರಿ. ನನ್ನ ಫೋನಿನಲ್ಲಿ ನಾನೇ ಚಿತ್ರೀಕರಿಸಿದೆ. ಮೊದಲ ತುಂಡಿನಲ್ಲಿ ಲೀಲಾ ರೇಣುಕಾಳ ರಟ್ಟೆ ಹಿಡಿದು ಸಾಲಿನಿಂದ ಎಳೆಯುತ್ತಾಳೆ. "ನಡಿ ಹೊರಗ! ನಿನಗಿಲ್ಲಿ ವೋಟ್ ಇಲ್ಲ!" ರೇಣುಕಾ ಬಿಕ್ಕಿ ಬಿಕ್ಕಿ ಅಳುತ್ತಾಳೆ. ಎರಡನೆಯ ತುಂಡಿನಲ್ಲಿ ಆಕೆಯ ಬೆರಳು ಹತ್ತಿರದಿಂದ ಕಾಣುತ್ತದೆ. ಅದರ ಮೇಲೆ ಶಾಯಿಯ ಗುರುತು. ಒಮ್ಮೆ ಮತ ಹಾಕಿ ಮತ್ತೆ ಸಾಲಿಗೆ ಬಂದವಳು ಆಕೆ. "ಲಿಂಬಿಹಣ್ಣು ತಿಕ್ಕೀನಿ ಟೀಚರ್, ಆದ್ರೂ ಹೋಗವಲ್ದು" ಎಂದು ರೇಣುಕಾ ನಕ್ಕುಬಿಡುತ್ತಾಳೆ. ಆಕೆಯ ಹಿಂದೆ ಇಡೀ ತರಗತಿ ನಗುತ್ತದೆ.

ಮೊದಲ ತುಂಡು ತೋರಿಸಿ ಮಕ್ಕಳಿಂದ ತೀರ್ಪು ಕೇಳುವುದು, ಆಮೇಲೆ ಎರಡನೆಯದನ್ನು ತೋರಿಸುವುದು ಲೀಲಾಳ ಯೋಚನೆ. ಮರುದಿನ ಶನಿವಾರ ನಿಲಂಗಾದ ಶಾಲೆಯಲ್ಲಿ ಮೊದಲ ಪಾಠ. ಆಕೆ ನನಗೆ ಸ್ಪಷ್ಟವಾಗಿ ಹೇಳಿದ್ದಳು, "ಅಣ್ಣಾ, ಎರಡೂ ಕೂಡೇ ತೋರಸಬೇಕು. ಒಂದನ್ನೇ ಯಾರಿಗೂ ಕೊಡಬ್ಯಾಡ."

ಆ ಸಂಜೆ ಯೆಣೆಗೂರಿನ ಧಾಬಾದಲ್ಲಿ ಚಹಾ ಕುಡಿಯುತ್ತಿದ್ದೆ. ತಂಗಿಯ ನಟನೆ ನೋಡಿ ನೋಡಿ ನನಗೆ ಹೆಮ್ಮೆ ತಡೆಯಲಾಗಲಿಲ್ಲ. ಲಾರಿ ಓಡಿಸುವ ಗೆಳೆಯ ಬಾಬುಗೆ ಫೋನ್ ತೋರಿಸಿದೆ.

"ಅರೆ ಭಾವೂ, ನಿನ್ನ ತಂಗಿ ಹೀರೋಯಿನ್ ಆಗ್ಯಾಳಲ್ಲೋ! ಕಳಸು ಇತ್ತಾಗ."

ಮೊದಲ ತುಂಡು ಹೋಯಿತು. ಎರಡನೆಯದು ದೊಡ್ಡದು, ನೆಟ್‌ವರ್ಕ್ ಸಿಗದೆ ಚಕ್ರ ತಿರುಗುತ್ತಲೇ ಇತ್ತು. ಮನೆಗೆ ಹೋಗಿ ಕಳಿಸಿದರಾಯಿತು ಎಂದು ವ್ಯಾನ್ ಹತ್ತಿದೆ. ಮನೆಗೆ ಹೋದವನು ಮರೆತೆ.

ಬೆಳಗ್ಗೆ ನಾವು ನಿಲಂಗಾದ ದಾರಿಯಲ್ಲಿದ್ದಾಗ ಮುಖ್ಯ ಗುರುಗಳು ಫೋನ್ ಮಾಡಿ ಕೂಡಲೇ ಹಿಂದಿರುಗಲು ಹೇಳಿದರು. ನಾನು ಬಾಬುಗೆ ಕಳಿಸಿದ ತುಂಡು ಕೈಯಿಂದ ಕೈಗೆ ಹೋಗಿ ಲೀಲಾಳ ಫೋನಿಗೂ ಬಂತು. ಮೇಲೆ ಯಾರೋ ಮರಾಠಿಯಲ್ಲಿ ಬರೆದಿದ್ದರು: 'ಬಾಹೇರಚ್ಯಾಂನಾ ಮತ ನಾಹೀ'. ಹೊರಗಿನವರಿಗೆ ಮತವಿಲ್ಲ. ಹೊಲಮನೆ ಇರುವ ಊರ ಮನೆತನದ ಶಿಕ್ಷಕಿ, ವಲಸೆ ಬಂದವನ ಮಗಳನ್ನು ಹೊರಗೆ ದಬ್ಬಿದಳು ಎಂಬಂತೆ ಅದು ಕಾಣುತ್ತಿತ್ತು.

"ಇದು ಹೊರಗ ಹ್ಯಾಂಗ ಹೋತು ಅಣ್ಣಾ?"

"ನನಗೇನ್ ಗೊತ್ತು? ಯಾರರೆ ಫೋನ್ ತಗೊಂಡಿರಬೇಕು" ಎಂದೆ.

ಆಕೆ, "ಇರಲಿ. ಎರಡನೇದು ನಿನ್ನ ಫೋನ್ದಾಗ ಅದ ಅಲ್ಲಾ. ಅದನ್ನ ತೋರಿಸಿದ್ರ ಮುಗೀತು" ಎಂದಳು.

ಡೀಸೆಲ್ ಹಾಕಿಸಲು ಗಾಡಿ ನಿಲ್ಲಿಸಿದೆ. ಅಷ್ಟರಲ್ಲಿ ಶಾಲೆಗೆ ಪೊಲೀಸರೂ ಬರಬಹುದು ಎಂಬ ಮಾತು ಕಿವಿಗೆ ಬಿದ್ದಿತ್ತು. ಫೋನ್ ಕೈಗೆ ತೆಗೆದುಕೊಂಡವರು ನಾನು ಬಾಬುಗೆ ಕಳಿಸಿದ್ದನ್ನೂ ನೋಡುತ್ತಾರೆ, ವ್ಯಾನಿನ ಮಕ್ಕಳ ತಂದೆತಾಯಿಗಳೆಲ್ಲ ಅಲ್ಲೇ ಇರುತ್ತಾರೆ ನಾಳೆಯಿಂದ ಯಾರೂ ನನ್ನ ವ್ಯಾನಿಗೆ ಮಕ್ಕಳನ್ನು ಹತ್ತಿಸುವುದಿಲ್ಲ ಎಂದು ಅಂಜಿದೆ. ಪಂಪಿನ ಹಿಂದೆ ನಿಂತು ಬಾಬುವಿನ ಸಂದೇಶ ಅಳಿಸಿದೆ, ಮೊದಲ ತುಂಡು ಅಳಿಸಿದೆ. ಎರಡನೆಯದು ಇದ್ದರೆ ಮೊದಲಿನದೂ ನನ್ನದೇ ಫೋನಿನದು ಎಂದಾಗುತ್ತದೆ ಎಂದುಕೊಂಡೆ. ಅದನ್ನೂ ಅಳಿಸಿದೆ. ಬೇರೆ ಎಲ್ಲಿಯೂ ಅದರ ಪ್ರತಿ ಇರಲಿಲ್ಲ.

ಶಾಲೆಯ ಅಂಗಳ ತುಂಬಿತ್ತು. ಶಾಲಾ ಸಮಿತಿಯ ಹಿರಿಯರೊಬ್ಬರು ಫೋನ್ ಎತ್ತಿ ಹಿಡಿದು ಮರಾಠಿಯಲ್ಲಿ ಕೇಳಿದರು, "ಹಾ ವ್ಹಿಡಿಓ ಕೋಣೀ ಪಾಠವಲಾ?" ಯಾರು ಕಳಿಸಿದ್ದು? ನಾನು ನೆಲ ನೋಡಿದೆ.

"ತರಗತಿ ನಂದು, ಜವಾಬ್ದಾರಿ ನಂದು. ಆದ್ರ ಇದು ಅರ್ಧ ಅದರಿ" ಎಂದು ಲೀಲಾ ನನ್ನ ಕಡೆ ತಿರುಗಿದಳು. "ಅಣ್ಣಾ, ಉಳಿದಿದ್ದು ತೋರಸು."

"ಇಲ್ಲ ಲೀಲಾ. ಫೋನ್ದಾಗಿಂದ ಹೋಗ್ಯಾದ."

ಆಕೆ ನನ್ನನ್ನು ನೋಡಿದಳು. ಬಹಳ ಹೊತ್ತಲ್ಲ. ಆ ನೋಟವನ್ನು ನಾನು ಇಲ್ಲಿ ಬರೆಯಲಾರೆ.

ರೇಣುಕಾ ಅಪ್ಪನ ಅಂಗಿ ಜಗ್ಗಿ, "ಅಪ್ಪಾ, ಅದು ನಾಟಕ ಇತ್ತು. ನಾ ಕಳ್ಳವೋಟ್ ಹಾಕ್ಲಾಕ ಬಂದಿದ್ದೆ" ಎಂದಳು.

"ಹಿಂಗ ಹೇಳು ಅಂತ ಕಲಿಸ್ಯಾರ" ಎಂದ ಸಿದ್ದಪ್ಪ. ಅವನು ಕೂಗಾಡಲಿಲ್ಲ. "ನಮಗ ತಹಸೀಲದಾಗ ಇದೇ ಮಾತ ಹೇಳ್ತಾರ್ರಿ ಟೀಚರ್. ಶಾಲಿಯಾಗೂ ನೀವು ಅದನ್ನೇ ಹೇಳಬೇಕೇನು?" ಮಗಳ ಕೈ ಹಿಡಿದು ಹೊರಟುಹೋದ. ರೇಣುಕಾ ಮತ್ತೆ ಆ ಶಾಲೆಗೆ ಬರಲಿಲ್ಲ. ಆಕೆಯನ್ನು ಅಜ್ಜಿಯ ಊರಿಗೆ ಕಳಿಸಿದರಂತೆ. ಓದುತ್ತಿದ್ದಾಳೋ ಇಲ್ಲವೋ ನನಗೆ ತಿಳಿಯದು. ಕೇಳುವ ಧೈರ್ಯವೂ ಆಗಲಿಲ್ಲ.

ಪ್ರೊಜೆಕ್ಟರ್ ಕಪಾಟು ಸೇರಿತು. ಲೀಲಾಳನ್ನು ಜಳಕೋಟದ ಕಡೆಯ ಶಾಲೆಗೆ ಕಳಿಸಿದರು. ಆಕೆ ನನ್ನನ್ನು ಒಂದು ಮಾತೂ ಕೇಳಲಿಲ್ಲ. ದೀಪಾವಳಿಗೆ ಬಂದಳು, ನನಗೆ ಆರತಿ ಎತ್ತಿದಳು, ಹೋದಳು.

ಆ ತುಂಡು ಸಾಯಲಿಲ್ಲ. ಚುನಾವಣೆ ಬಂದಾಗಲೆಲ್ಲ ಎದ್ದು ಬರುತ್ತದೆ; ಊರಿನ ಹೆಸರು ಮಾತ್ರ ಪ್ರತಿ ಸಲ ಬೇರೆ. ಉದಗೀರ ಬಸ್ ನಿಲ್ದಾಣದಲ್ಲಿ ಪಕ್ಕದವನ ಫೋನಿನಿಂದ ತಂಗಿಯ ದನಿ ಕೇಳಿ ಎದ್ದು ನಿಂತಿದ್ದೇನೆ. ಒಮ್ಮೆ ನನ್ನ ವ್ಯಾನಿನ ಹಿಂದಿನ ಸೀಟಿನಿಂದಲೇ ಕೇಳಿಸಿತು. ರೇಣುಕಾ ಈಗ ದೊಡ್ಡವಳಾಗಿರಬೇಕು. ಫೋನಿನಲ್ಲಿ ಆಕೆಗೆ ಇನ್ನೂ ಹನ್ನೊಂದೇ ವರ್ಷ, ಇನ್ನೂ ಅಳುತ್ತಿದ್ದಾಳೆ. ಆಕೆ ನಕ್ಕದ್ದು ನನಗೆ ನೆನಪಿದೆ, ಆದರೆ ಅದನ್ನು ಯಾರಿಗೂ ತೋರಿಸಲಾರೆ.

ಅದೆಲ್ಲ ನಡೆದು ಎರಡು ವರ್ಷವಾದ ಮೇಲೆ ಲೀಲಾ ಫೋನ್ ಮಾಡಿದಳು. ಹೊಸ ಶಾಲೆಯವರು ಸಿನಿಮಾ ಪಾಠಕ್ಕೆ ಒಪ್ಪಿದ್ದರು. "ಪರದೆ ಕಟ್ಲಾಕ ಯಾರೂ ಇಲ್ಲ. ಬರ್ತೀಯೇನ ಅಣ್ಣಾ?"

ಹೋದೆ. ಚಾದರ ಕಟ್ಟಿದೆ, ವೈರು ಜೋಡಿಸಿದೆ. ಪರದೆಯ ಮೇಲೆ ಆಕೆ ಹಾಕಿದ್ದು ಆ ತುಂಡನ್ನೇ, ಮರಾಠಿ ಬರಹದ ಸಮೇತ. "ಇದರಾಗಿನಾಕಿ ನಾನೇ. ಇದು ಅರ್ಧ ಅದ" ಎಂದು ಮಕ್ಕಳಿಗೆ ನಡೆದದ್ದನ್ನೆಲ್ಲ ಹೇಳಿದಳು. ನನ್ನ ಹೆಸರು ಹೇಳಲಿಲ್ಲ. ಕೊನೆಗೆ, "ಇದನ್ನ ಯಾರು ಕಳಿಸಿರಬೇಕು?" ಎಂದು ಕೇಳಿದಳು.

"ನಿಮಗ ಆಗಲಾರದವ್ರು ಟೀಚರ್."

"ಚುನಾವಣಿಗಿ ನಿಂತವ್ರು!"

ಮುಂದಿನ ಸಾಲಿನ ಒಬ್ಬಳು ಮಾತ್ರ ಯೋಚಿಸಿ ಕೇಳಿದಳು, "ಕಳಿಸಿದವ್ರಿಗಿ ಪೂರಾ ಗೊತ್ತಿತ್ತೇನ್ರಿ ಟೀಚರ್?"

"ನನಗ ಗೊತ್ತಿಲ್ಲವ್ವ" ಎಂದಳು ಲೀಲಾ. ನನ್ನ ಕಡೆ ನೋಡಲಿಲ್ಲ.

ಪರದೆ ಕಟ್ಟುತ್ತ, ಫೋನಿನಲ್ಲಿ ಬಂದದ್ದನ್ನೆಲ್ಲ ನಂಬಬೇಡಿ ಎಂಬ ಆಕೆಯ ಪಾಠವನ್ನು ಎಷ್ಟೋ ಶಾಲೆಗಳಲ್ಲಿ ಹಿಂದೆ ನಿಂತು ಕೇಳಿದವನು ನಾನು. ಅದು ಮಕ್ಕಳಿಗೆ, ನನಗಲ್ಲ ಎಂದುಕೊಂಡಿದ್ದೆ. ಅರ್ಧವನ್ನು ಹರಡಲು ವೈರಿಯೇ ಆಗಬೇಕಿಲ್ಲ. ಹೆಮ್ಮೆಪಡುವ ಅಣ್ಣನೊಬ್ಬ ಸಾಕು. ಉಳಿದರ್ಧವನ್ನು ಕೊಲ್ಲಲು ಅವನ ಅಂಜಿಕೆ ಸಾಕು. ಇಷ್ಟು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು.

ನಾನು ಪ್ರೊಜೆಕ್ಟರ್ ಬಿಟ್ಟು ಮಕ್ಕಳ ಮುಂದೆ ಬಂದೆ.

"ಗೊತ್ತಿತ್ತವ್ವ" ಎಂದೆ ಆ ಹುಡುಗಿಗೆ. "ಪೂರಾ ಗೊತ್ತಿತ್ತು. ಕಳಿಸಿದಾಂವ ನಾನು. ನಿಮ್ಮ ಟೀಚರ್ ಅಣ್ಣ. ಇನ್ನರ್ಧ ನನ್ನ ಹಂತೇಕೇ ಇತ್ತು, ಅಂಜಿ ಅಳಿಸಿಬಿಟ್ಟೆ."

ಆಮೇಲೆ ತಂಗಿಯ ಕಡೆ ತಿರುಗಿದೆ.

"ಲೀಲಾ, ನಂದು ತಪ್ಪಾತವ್ವ. ನಿನಗೂ ಅನ್ಯಾಯ ಮಾಡೀನಿ, ಆ ರೇಣುಕಾಗೂ ಮಾಡೀನಿ. ನನ್ನ ಕ್ಷಮಾ ಮಾಡು."