ಸತ್ತವನು ಕುದುರೆ ಏರಿ ಬಂದ

ಮಂಡಕ್ಕಿ ಪೊಟ್ಟಣ ಬಿಚ್ಚಿಟ್ಟುಕೊಂಡು ನನ್ನ ಮೊಮ್ಮಕ್ಕಳಿಬ್ಬರು ಟೀವಿ ಮುಂದೆ ಜಗಳಕ್ಕೆ ಕೂತಿದ್ದಾರೆ. ಮೆಣಸಿನಕಾಯಿ ಬಜ್ಜಿಯ ಎಣ್ಣೆ ಸೋಫಾಕ್ಕೆ ಹತ್ತುತ್ತಿದೆ. ಅದರ ಚಿಂತೆ ಯಾರಿಗೂ ಇಲ್ಲ. ಚಿಂತೆಯೆಲ್ಲ ಪ್ಯಾಂಟಿನ ಮೇಲೆ ಚಡ್ಡಿ ಹಾಕಿಕೊಂಡು ಹಾರಾಡುವ ಆ ಮಹಾಶಯನದು. ಹೋದ ವಾರ ಸತ್ತಿದ್ದನಂತೆ. ಈ ವಾರ ಬಂದು ಕಟ್ಟಡ ಎತ್ತುತ್ತಿದ್ದಾನೆ.

"ಇದೊಂದು ಕಥೇನಾ? ಬರೆದೋನಿಗೆ ತಲೆ ಇಲ್ಲ," ಎನ್ನುತ್ತಾನೆ ಮೊಮ್ಮಗ.

"ನಿನಗಿಲ್ಲ. ಹಿಂದಿಂದು ಮುಂದೆ, ಮುಂದಿಂದು ಹಿಂದೆ ತೋರಿಸ್ತಾರೆ. ಅದೇ ಕ್ರಿಯೇಟಿವ್," ಎನ್ನುತ್ತಾಳೆ ಮೊಮ್ಮಗಳು.

ಕ್ರಿಯೇಟಿವ್ ಅಂತೆ. ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಈ ಕ್ರಿಯೇಟಿವ್ ಅನ್ನುವುದನ್ನು ಹರಿಹರದ ತಗಡಿನ ಟಾಕೀಸಿನಲ್ಲಿ, ಮದುವೆಯಾದ ವರ್ಷವೇ ನೋಡಿ ಮುಗಿಸಿದ್ದೇನೆ. ಅದರ ದೆಸೆಯಿಂದ ಗಂಡನ ಮನೆಯೇ ತಪ್ಪಿಹೋಗುವುದಿತ್ತು. ಕೇಳಿ, ಬಜ್ಜಿ ಆರುವುದರೊಳಗೆ ಹೇಳಿಬಿಡುತ್ತೇನೆ.

ನಮ್ಮತ್ತೆ ಟಾಕೀಸಿನ ಬಾಗಿಲು ದಾಟಿದವರಲ್ಲ. ಮರ್ಯಾದಸ್ಥರು ಹೋಗುವ ಜಾಗವಲ್ಲವಂತೆ. ಆದರೆ ಕಥೆ ಬೇಕು. ಸೊಸೆಯರ ಮರ್ಯಾದೆ ಹೋದರೆ ನಡೆದೀತು ಎಂದೋ ಏನೋ, ನಮ್ಮನ್ನು ಮ್ಯಾಟಿನಿಗೆ ಅಟ್ಟುತ್ತಿದ್ದರು. ಹೋಗಿ ಬಂದವಳು ಜೋಳ ಹಸನು ಮಾಡುತ್ತ ಕಥೆ ಪೂರ್ತಿ ಒಪ್ಪಿಸಬೇಕು. "ಕತ್ತಿ ಎಡಗೈಯಾಗೆ ಇತ್ತೋ ಬಲಗೈಯಾಗೋ?" ಎಂದು ಕೇಳುವ ಹೆಂಗಸು ಅದು. ಇವತ್ತು ಬದುಕಿದ್ದರೆ ಈ ಇಬ್ಬರ ಬಾಯಿಯನ್ನೂ ಮುಚ್ಚಿಸುತ್ತಿದ್ದರು.

ಆ ಸಲ ಬಂದದ್ದು ಕರಿ ಮುಖವಾಡದವನೊಬ್ಬನ ಚಿತ್ರ. ನನ್ನ ವಾರಗಿತ್ತಿ ಗೌರಕ್ಕ ದಾವಣಗೆರೆಯ ತವರಿಗೆ ಹೋದಾಗ ಅದನ್ನು ನೋಡಿ ಬಂದು ಕಥೆ ಒಪ್ಪಿಸಿದಳು. ಬಡವರಿಗಾಗಿ ಹೊಡೆದಾಡಿದವನು ಕೊನೆಗೆ ಕೋಟೆಯಿಂದ ಬಿದ್ದು ಸತ್ತ. ಅತ್ತೆ ಎರಡು ದಿನ ನೆಟ್ಟಗೆ ಉಣ್ಣಲಿಲ್ಲ. ಮಾವ ತೀರಿಕೊಂಡಾಗ ಒಂದೇ ದಿನ ಊಟ ಬಿಟ್ಟಿದ್ದರಂತೆ. ಮೂರನೆಯ ದಿನ ನನ್ನನ್ನು ಕರೆದು, "ಇಲ್ಲೂ ಅದೇ ಆಟ ಹತ್ತೈತಂತೆ. ಪಕ್ಕದ ಮನಿ ಜೈನಾಬಿ ಜೋಡಿ ಹೋಗಿ ನೋಡಿ ಬಾ, ಸರಿಯಾಗಿ ಸತ್ತನಾ ಅಂತ," ಎಂದರು.

ಜೈನಾಬಿ ಕೂಸಿಗೆ ಮೈ ಬೆಚ್ಚಗಿದೆ ಎಂದು ಅರ್ಧ ದಾರಿಯಲ್ಲೇ ತಿರುಗಿದಳು. ನಾನು ಒಬ್ಬಳೇ ಹೋದೆ. ಹೆಂಗಸರ ಬೆಂಚಿನಲ್ಲಿ ನಮ್ಮ ಕೇರಿಯವರು ಒಬ್ಬರೂ ಇರಲಿಲ್ಲ. ನಡು ಆಟದಲ್ಲೇ ಮುಖವಾಡದವನು ಕೋಟೆಯಿಂದ ಬಿದ್ದು ಸತ್ತ. ಚಿತೆಯೂ ಉರಿಯಿತು. ಮರುಗಳಿಗೆ ಒಂದು ಗಾಯವೂ ಇಲ್ಲದೆ ಕುದುರೆ ಏರಿ ಬಂದ! ಹಿಂದಿನ ಗಂಡಸರು ಸಿಳ್ಳೆ ಹಾಕಿ, "ಸಂಜೀವಿನಿ ಕುಡಿದಾನಲೇ!" ಎಂದು ತೀರ್ಪನ್ನೂ ಕೊಟ್ಟರು.

ಕಂಡದ್ದನ್ನು ಕಂಡ ಹಾಗೆ ಬಂದು ಹೇಳಿದೆ. ಅತ್ತೆಯ ಮುಖ ಅರಳಿತು, ಹಾಗೇ ಮುದುಡಿತು.

"ಗೌರಿ ಸತ್ತ ಅಂದ್ಲು, ನೀನು ಬಂದ ಅಂತಿ. ಜೈನಾಬಿ ನೋಡಿದ್ರೆ ಮನ್ಯಾಗೆ ಅದಾಳೆ. ಎಲ್ಲಿಗೆ ಹೋಗಿದ್ದೆಲೇ ನೀನು?"

"ಟಾಕೀಸಿಗೇ ರೀ. ಒಬ್ಬಾಕೇ ಹೋಗಿದ್ದೆ."

"ಒಬ್ಬಾಕೇ! ನಾಳೆ ಕಡರನಾಯಕನಹಳ್ಳಿಯಿಂದ ನಿಮ್ಮಪ್ಪನ್ನ ಕರೆಸ್ತೀನಿ. ಮಗಳನ್ನ ಕರಕೊಂಡು ಹೋಗ್ಲಿ."

ಹದಿನಾರು ವರ್ಷದವಳಿಗೆ ಆ ಮಾತು ಸಾಕು. ಮೂರನೇ ಕ್ಲಾಸಿನ ಬುದ್ಧಿ ಆಗ ಓಡಿತು ನೋಡಿ.

"ಇಬ್ರು ಅದಾರ್ರಿ ಅತ್ತೆ! ಮುಖವಾಡ ಒಂದೇ, ಮಂದಿ ಇಬ್ರು. ಅಣ್ಣ ಸತ್ತ, ತಮ್ಮ ಕುದುರೆ ಏರಿದ."

ಅತ್ತೆ ಗೌರಕ್ಕನ ಕಡೆ ತಿರುಗಿದರು. ನಾನೂ ತಿರುಗಿದೆ. ನನಗೂ ಅವಳಿಗೂ ನೀರಿನ ಸರದಿಗೊಂದು ಜಗಳ, ಬಚ್ಚಲಿಗೊಂದು ಜಗಳ. ಸುಳ್ಳು ಅಂತ ಒಂದು ಮಾತು ಅಂದಿದ್ದರೆ ಬಚ್ಚಲು ಪೂರ್ತಿ ಅವಳದೇ ಆಗುತ್ತಿತ್ತು. ಅವಳು ಹೆಂಚಿನ ಮೇಲಿನ ರೊಟ್ಟಿ ಮಗುಚಿದಳು.

"ಇದ್ದೀತ್ರಿ. ಕೊನೀಗೆ ನನಗೊಂದು ಜೊಂಪು ಹತ್ತಿತ್ತು. ತಮ್ಮ ಬಂದಿದ್ದು ಕಂಡಿಲ್ಲ."

"ನಿದ್ದಿ ಮಾಡಾಕೆ ದಾವಣಗೆರಿಗೆ ಹೋಗಿದ್ದೇನು?" ಎಂದು ಅತ್ತೆ ಅವಳ ಮ್ಯಾಟಿನಿಯನ್ನೇ ನಿಲ್ಲಿಸಿಬಿಟ್ಟರು. ಚಿತ್ರವೆಂದರೆ ಜೀವ ಬಿಡುವವಳು, ಆರು ತಿಂಗಳು ನನ್ನ ಬಾಯಿಂದ ಕಥೆ ಕೇಳಿದಳು. ನಾನು ಕೆಟ್ಟದಾಗಿ ಹೇಳುತ್ತಿದ್ದೆ.

ಆಮೇಲೆ ಜೈನಾಬಿಯ ಗಂಡ ಸುದ್ದಿ ತಂದ. ಎರಡೂರಿಗೂ ಚಿತ್ರದ ಪ್ರತಿ ಒಂದೇ ಅಂತೆ. ರೀಲಿನ ಡಬ್ಬಿಗಳು ದಾವಣಗೆರೆಯಿಂದ ಬಸ್ಸಿನಲ್ಲಿ ಬರುತ್ತಿದ್ದವಂತೆ. ಆವತ್ತು ನಡುವಿನ ಡಬ್ಬಿ ತಡವಾಗಿ, ಕೊನೆಯ ಡಬ್ಬಿಯನ್ನೇ ಅದಕ್ಕೂ ಮೊದಲು ಓಡಿಸಿಬಿಟ್ಟಿದ್ದರಂತೆ. ನಾನು ಹಿಟ್ಟಿನ ಕೈಯಲ್ಲೇ ಗೌರಕ್ಕನ ಹತ್ತಿರ ಓಡಿದೆ.

"ಅಕ್ಕಾ, ಕೇಳಿದ್ಯಾ? ನಾನು ಖರೇನೇ ಹೋಗಿದ್ದೆ!"

"ಇಲ್ಲ ಅಂತ ನಾನೇನು ಅಂದಿದ್ನಾ? ಸರಿ ಅತ್ತಾಗೆ, ರೊಟ್ಟಿ ಸೀಯ್ತೈತೆ."

ನನಗೆ ಸಿಟ್ಟು ಬಂತು. ಜೊಂಪಿನ ಸುಳ್ಳನ್ನು ನನ್ನನ್ನು ನಂಬಿ ಹೇಳಿದ್ದಳೋ, ನಂಬದೆಯೋ? ಎಷ್ಟು ಕೆದಕಿದರೂ ಸಾಯುವವರೆಗೆ ಬಾಯಿ ಬಿಡಲಿಲ್ಲ ಮಹರಾಯ್ತಿ.

ಇಷ್ಟು ಹೇಳಿ ಮುಗಿಸಿದರೆ ಮೊಮ್ಮಗಳು ಟೀವಿಯ ಸದ್ದು ಇಳಿಸಿ ನನ್ನನ್ನೇ ನೋಡಿದಳು.

"ರೀಲಿಂದು ಸರಿ ಅಜ್ಜಿ. ಖರೇ ಹೇಳು, ಅವತ್ತು ನೀನು ಟಾಕೀಸಿಗೆ ಹೋಗಿದ್ಯಾ?"

ಬೆಂಚಿನ ಮೊಳೆಗೆ ಸೆರಗು ಹರಿದದ್ದು, ಹಿಂದಿನವರ ಸಿಳ್ಳೆ, ಅರವತ್ತು ವರ್ಷ ಕಾಪಾಡಿಕೊಂಡ ಸಾಕ್ಷಿಯೆಲ್ಲ ನಾಲಗೆಯ ತುದಿಗೆ ಬಂತು. ಗೌರಕ್ಕ ನೆನಪಾದಳು; ಎಲ್ಲ ನುಂಗಿದೆ. ತಟ್ಟೆಯನ್ನು ಅವಳ ಕಡೆ ದೂಡಿದೆ.

"ಬಜ್ಜಿ ಆರ್ತೈತೆ, ತಿನ್ನು."