ಅಳುವಾಗ ಶೇಂಗಾ ತಿಂದ ನೆರಳು

ಒಂದು ನಾಟಕ ಗೆದ್ದರೆ ಅದರ ಮುಂದಿನ ಭಾಗ ಆಡಬಾರದು ಅಂತ ನಾ ಅವತ್ತಿನಿಂದ ಹೇಳತೇನಿ. ಮೊದಲನೇದರಾಗ ನಮ್ಮ ದರೋಡೆಕಾರ ನಗಕೋತ ಮಂದೀನ ಕಡೀತಿದ್ದ; ಇಳಕಲ್ಲಿನವರು ಸೀಟಿ ಹೊಡೆದಿದ್ದರು. ಎರಡನೇದರಾಗ ಅವನೇ ತುರಂಗದಾಗ, ಕಂಬಿ ಹಿಂದೆ ಕೂತು ತನ್ನ ಮನಸ್ಸಿನ ಕೂಡ ಹಾಡಿನಾಗ ಜಗಳಾಡತಾನ. ಆ ಮನಸ್ಸು ನಾನು. ಬಿಳಿ ಪರದೆ, ಹಿಂದೆ ಕಂದೀಲು, ನಡುವೆ ನಾ, ಪರದೆ ಮೇಲೆ ನನ್ನ ನೆರಳು. ಅವ ಅತ್ತರೆ ನೆರಳೂ ಅಳಬೇಕು, ಇದು ನಮ್ಮ ನಾಟಕ ಕಂಪನಿ ಮಾಲಕರ ಯುಕ್ತಿ.

ಊರೂರು ಅತ್ತು ಅತ್ತು ನನಗೆ ಸಾಕಾಗಿತ್ತು. ಇಳಕಲ್ಲಿನಾಗ ಅವ ಅಳುವಾಗ ನಾ ಶೇಂಗಾ ಸುಲಿದು ಒಂದೊಂದೇ ಬಾಯಿಗೆ ಹಾರಿಸಿಕೊಂಡೆ. ಅರ್ಧ ಮಂದಿ ನಕ್ಕರು, ಅರ್ಧ ಮಂದಿ ಬೈಕೋತ ಎದ್ದು ಹೋದರು.

ಮರುದಿನ ಮುಂಜಾನೆ ಮಾಲಕರು ನನ್ನ ಗಂಟು ಹೊರಗೆ ಒಗೆದರು. "ನಡೀಲೇ ಹುನಗುಂದಕ್ಕ, ನಿಮ್ಮಪ್ಪನ ಎಮ್ಮಿ ಕಾಯಿ!"

ಅಷ್ಟರಾಗ ಒಬ್ಬ ಮುದುಕ ನೇಕಾರ ಬಂದ. "ನಿನ್ನೆ ಅಳೂಮುಂದ ಶೇಂಗಾ ತಿಂದಾಂವ ಯಾರ್ರಿ?"

ಇವನಂತೂ ಹೊಡೀತಾನ ಅಂತ ನಾ ಓಡಲಿಕ್ಕೆ ತಯಾರಾದೆ.

"ಖರೇನ ಐತ್ರಿ ಅದು. ನನ್ನ ಹೆಂಡತಿ ಹೆಣದ ಮುಂದ ನಾ ಅಳತಿದ್ದೆ, ಒಳಗ ಮನಸು ರೊಟ್ಟಿ ಬೇಡತಿತ್ತು. ಯಾರಿಗೂ ಹೇಳಿದ್ದಿಲ್ಲ. ಇವತ್ತೂ ಬರತೇನಿ," ಅಂದ ಮುದುಕ.

ಮಾಲಕರು ನನ್ನ ಗಂಟು ತಾವೇ ಒಳಗೆ ತಂದರು. "ಇನ್ನ ದಿನಾ ತಿನ್ನಬೇಕು. ಮೂರನೇ ಚರಣಕ್ಕ, ತಾಳ ತಪ್ಪದಂಗ," ಅಂದರು.

ಆ ಹಂಗಾಮು ಮುಗಿಯೂತನಕ ತಾಳಕ್ಕೆ ಸರಿಯಾಗಿ ತಿಂದೆ. ಆಮೇಲೆ ತಿಳೀತು, ಶೇಂಗಾ ತಿನ್ನೂದಕ್ಕಿಂತ ಅಳೂದು ಹಗುರ ಕೆಲಸ.